ಎರಡನೇ ಬ್ರೇಕು

ಕ್ಲಚ್ಚನ್ನು ಕಾರಿನಿಂದ ಇಳಿಸಲು ಮೂವರು ಮೂರು ಕಡೆಯಿಂದ ಎಳೆಯುತ್ತಿದ್ದರು. ಕ್ಲಚ್ ಎಂಬ ಆ ಮುದಿ ನಾಯಿ ಮಾತ್ರ ಮುಂದಿನ ಎಡಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಮೈಯನ್ನು ಮೂಟೆಯಂತೆ ಸಡಿಲ ಬಿಟ್ಟು ಬಿದ್ದುಕೊಂಡಿತ್ತು.

"ನನ್ನ ಸೊಂಟ ಹಿಡ್ಕೊಳ್ತು," ಚಿಕ್ಕಪ್ಪ ಕೈಬಿಟ್ಟರು. "ಬೇಕರಿ ಮಾಲು ತಿಂದೂ ತಿಂದೂ ಹೀಗಾಗಿದಾನೆ."

"ನನ್ನ ಬನ್ನಿನ ಮೇಲೆ ಯಾಕ್ರೀ ಗೂಬೆ ಕೂರಿಸ್ತೀರಿ?" ಎಂದಳು ಬೇಕರಿಯಾಕೆ.

"ಬಿಡಿ ಚಿಕ್ಕಪ್ಪ, ಅವನೂ ಬರಲಿ. ಮೇಡಂ ಹೋಗೋ ಕಡೆ ಅವನು ಯಾವತ್ತು ಹೋಗಿಲ್ಲ?" ಎಂದು ಓನರ್ ಸ್ಟೇರಿಂಗ್ ಹಿಂದೆ ಕೂತಳು. ಉಳಿದಿಬ್ಬರು ಹಿಂದಿನ ಸೀಟಿಗೆ ಹತ್ತಿದರು.

ಮೇಡಂ ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು. ಎರಡನೇ ಹೆಂಡತಿಯಾಗಿ ಬಂದ ಮನೆಯಲ್ಲೂ ಅವರು ಮೇಡಮ್ಮೇ ಆಗಿ ಉಳಿದರು. ಮಲಮಗಳು ಅವರನ್ನು ಹಾಗೆ ಕರೆದರೆ, ಅವರು ಅವಳನ್ನು ಓನರ್ ಎನ್ನುತ್ತಿದ್ದರು. ಈಗ ಅವಳಿಗೆ ಗಂಡ, ಒಂದು ಕನ್ನಡಕದ ಅಂಗಡಿ, ತಲೆಯಲ್ಲಿ ಒಂದಿಷ್ಟು ಬೆಳ್ಳಿಕೂದಲು ಎಲ್ಲ ಇದ್ದವು. ಹೆಸರು ಮಾತ್ರ ಬದಲಾಗಿರಲಿಲ್ಲ.

ಶವದ ವ್ಯಾನಿನ ಹಿಂದೆ ಅವರ ಕಾರು, ಅದರ ಹಿಂದೆ ಶಿಷ್ಯರ ಕಾರುಗಳ ಸಾಲು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ತಿರುವು ಇನ್ನೂ ಎಷ್ಟೋ ದೂರ ಇರುವಾಗಲೇ ಎಲ್ಲರ ಇಂಡಿಕೇಟರುಗಳೂ ಮಿಟುಕತೊಡಗಿದವು.

"ದಿನಾ ಹೀಗೇ ಓಡಿಸ್ತಾರಾ ಇವರೆಲ್ಲ?" ಚಿಕ್ಕಪ್ಪ ಹಿಂತಿರುಗಿ ನೋಡಿದರು.

"ಎಲ್ಲಿ ಬಂತು! ಇವತ್ತು ಮೇಡಂ ಮುಂದೆ ಇದಾರಲ್ಲ, ಅದಕ್ಕೇ," ಎಂದಳು ಬೇಕರಿಯಾಕೆ.

ಅಷ್ಟರಲ್ಲಿ ಕಾರು ಮುಗ್ಗರಿಸಿ ನಿಂತಿತು. ಓನರ್ ತನ್ನ ಕಾಲು ನೋಡಿಕೊಂಡಳು. ಅದು ಬ್ರೇಕಿನ ಮೇಲಿರಲಿಲ್ಲ. ಕಲಿಸುವವರಿಗೆಂದೇ ಪಕ್ಕದ ಸೀಟಿನ ಮುಂದೆ ಕೂರಿಸಿದ್ದ ಎರಡನೇ ಬ್ರೇಕಿನ ಮೇಲೆ ಕ್ಲಚ್ ಹೊರಳಿ ಮೈಭಾರವನ್ನೆಲ್ಲ ಹಾಕಿತ್ತು. ಹಿಂದಿನ ಕಾರುಗಳು ಒಂದಕ್ಕೊಂದು ತಾಗದೆ, ಸರಿಯಾದ ಅಂತರದಲ್ಲಿ, ಸಾಲಾಗಿ ನಿಂತವು.

"ನೋಡ್ರೀ, ಮೇಡಂ ಹೋದ ಮೇಲೂ ಬ್ರೇಕ್ ಹಾಕೋದು ಬಿಟ್ಟಿಲ್ಲ!" ಬೇಕರಿಯಾಕೆ ನಕ್ಕಳು. ನಗು ತಡೆಯಲಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಓನರಿಗೂ ನಗು ಉಕ್ಕಿಬಂತು.

"ಇವನಿಗೂ ಒಂದು ದಾರಿ ಆಯ್ತು," ಎಂದರು ಚಿಕ್ಕಪ್ಪ. "ಗೋಡೌನಿನವನಿಗೆ ಹೇಳಿದೀನಿ. ಸಂಜೆ ನಿಮ್ಮ ಮನೆ ಹತ್ರವೇ ಬಂದು ಕರ್ಕೊಂಡು ಹೋಗ್ತಾನೆ. ಕಾವಲಿಗೆ ಆಗತ್ತೆ."

"ಇವನಾ ಕಾವಲು? ಕಳ್ಳನಿಗೆ ಬಾಗಿಲು ತೋರಿಸ್ತಾನೆ," ಎಂದಳು ಬೇಕರಿಯಾಕೆ.

ಓನರಿನ ನಗು ಅಲ್ಲಿಗೇ ನಿಂತಿತು. ಕ್ಲಚ್ಚನ್ನು ಮನೆಗೆ ಕರೆದೊಯ್ಯಲು ಅವಳಿಗೆ ಆಸೆಯಿತ್ತು. ಆದರೆ ಮನೆಯಲ್ಲಿ ಗಂಡ ತಾನು ಕೆಲಸ ಮಾಡುವ ಪ್ರೆಸ್ಸಿನ ಹಿತ್ತಲಿನಿಂದ ತಂದ ಹೊಸ ನಾಯಿಮರಿ ಇತ್ತು. ಮೇಡಂ ಆಸ್ಪತ್ರೆ ಸೇರಿದ ದಿನ ಕ್ಲಚ್ಚನ್ನು ಕರೆತಂದಾಗ, ಮರಿ ಖುಷಿಯಿಂದ ಓಡಿಬಂದು ಅದರ ಮೂತಿಗೇ ಹಾರಿತು. ಕ್ಲಚ್ ಕಿವಿ ಕಚ್ಚಿತು. ಮರಿಯ ಕಿವಿಗೆ ಹೊಲಿಗೆ ಬಿತ್ತು, ಕ್ಲಚ್ ಮೇಡಂ ಮನೆಗೆ ವಾಪಸಾಯಿತು.

ಆಸ್ಪತ್ರೆಯಲ್ಲಿ ಇದನ್ನು ಕೇಳಿ ಮೇಡಂ ಕೆಮ್ಮುತ್ತಾ ನಕ್ಕಿದ್ದರು. "ಎದುರುಬದುರು ನಿಲ್ಲಿಸಿದ್ರಾ? ಒಳ್ಳೇ ಕೆಲಸ. ನಾನು ಬಂದು ಪರಿಚಯ ಮಾಡಿಸ್ತೀನಿ ಬಿಡು. ಆದರೂ ನಿನಗೆ ಗೊತ್ತಿರಬೇಕಿತ್ತು, ಓನರ್."

"ನನಗೇನು ಗೊತ್ತು ಮೇಡಂ, ನಾಯಿ ವಿಷಯ?"

"ನಾಯಿ ವಿಷಯ ಅಲ್ಲ. ಯೋಚನೆ ಮಾಡು."

ಅವಳು ಯೋಚನೆ ಮಾಡಿ ಮುಗಿಸುವ ಮೊದಲೇ ಮೇಡಂ ಹೊರಟುಹೋಗಿದ್ದರು.

ಮಣ್ಣು ಮಾಡಿ ಬರುವಾಗ ಬೇಕರಿಯಾಕೆ ಅವಳ ತೋಳು ಹಿಡಿದುಕೊಂಡಳು. "ಡ್ರೈವಿಂಗ್ ಟೆಸ್ಟಲ್ಲಿ ಮೂರು ಸಲ ಫೇಲಾದವಳು ನಾನು. ಒಂದಿನ ಕಾರಿನಲ್ಲೇ ಗೋಳೋ ಅಂತ ಅತ್ತುಬಿಟ್ಟೆ. ನನ್ನ ಕಡೆ ತಿರುಗೂ ನೋಡಲಿಲ್ಲ ಕಣಮ್ಮ. ಪಕ್ಕದಲ್ಲಿ ಕೂತು ರಸ್ತೆ ನೋಡ್ತಾ, 'ಅತ್ತುಕೊಂಡೇ ಎರಡನೇ ಗೇರಿಗೆ ಬಾ' ಅಂದ್ರು. ಎದುರಿಗೆ ಕೂತು ಸಮಾಧಾನ ಮಾಡಿದ್ರೆ ನಾಚಿಕೆಗೆ ಮತ್ತೆ ಬರ್ತಾನೇ ಇರಲಿಲ್ಲ."

ಓನರ್ ನಡೆಯುತ್ತಿದ್ದವಳು ನಿಂತೇಬಿಟ್ಟಳು.

*

ಅವಳಿಗೆ ಆಗ ಹನ್ನೊಂದು ವರ್ಷ. ಅಮ್ಮ ಹೋಗಿ ಬಹಳ ದಿನ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ನಡೆದು ಬರುವಾಗ, ಒಂದು ಸಂಜೆ ರಸ್ತೆಯ ಆಚೆ ಬದಿಯಲ್ಲಿ ಒಬ್ಬ ಹೆಂಗಸೂ ಅದೇ ದಿಕ್ಕಿಗೆ ನಡೆಯುತ್ತಿದ್ದಳು. ಮರುದಿನ ಸ್ವಲ್ಪ ಹತ್ತಿರ. ಆಮೇಲೆ ಅಪ್ಪನ ಪಕ್ಕ. ಹುಡುಗಿಯ ಮುಖ ನೋಡಲಿಲ್ಲ, ಗಲ್ಲ ಹಿಂಡಲಿಲ್ಲ, ಚಾಕೊಲೇಟ್ ಕೊಡಲಿಲ್ಲ.

"ಆ ಲಾರಿ ಕನ್ನಡಿ ನೋಡು, ಆಕಾಶಕ್ಕೆ ತಿರುಗಿದೆ," ಎಂದಿದ್ದಳು ಒಮ್ಮೆ, ಗಾಳಿಗೆ ಹೇಳುವಂತೆ. "ಅವನಿಗೆ ಹಿಂದೆ ಕಾಗೆ ಬಂದ್ರೆ ಮಾತ್ರ ಕಾಣತ್ತೆ."

ಹುಡುಗಿಗೆ ನಗು ಬಂದಿತ್ತು, ಸಿಟ್ಟೂ ಬಂದಿತ್ತು.

ಮೇಡಂ ಮನೆಗೆ ಬಂದ ದಿನ ಹೊಸ್ತಿಲಿನ ಹೊರಗೇ ನಿಂತರು. "ಮನೆ ಇವರದ್ದಲ್ವಾ? ನಡೀರಿ ಓನರ್, ಮೊದಲು ನೀವು." ಊಟದಲ್ಲೂ ಮೊದಲು ಬಡಿಸುತ್ತಿದ್ದದ್ದು ಅವಳ ತಟ್ಟೆಗೆ. ಕಿಟಕಿ ಪಕ್ಕದ ಅಮ್ಮನ ಕುರ್ಚಿ ಅವಳದ್ದೇ ಆಯಿತು. ಮೇಡಂ ಎಷ್ಟೋ ಕಾಲ ಸ್ಟೂಲಿನ ಮೇಲೆ ಕೂತು ಉಂಡರು.

ಒಂದು ದಿನ ಅವಳು ಲೋಟ ಎಸೆದು, "ನೀವು ನಮ್ಮನೆಯವರಲ್ಲ!" ಎಂದು ಕಿರುಚಿದಾಗ ಅಪ್ಪ ಕೈ ಎತ್ತಿದರು. ಮೇಡಂ ತಿರುಗಿಬಿದ್ದದ್ದು ಅಪ್ಪನ ಮೇಲೆ. "ಗುರ್ ಅನ್ನಲಿ ಬಿಡ್ರೀ. ಗುರ್ ಅನ್ನೋದಕ್ಕೂ ಬಿಡದಿದ್ರೆ ಆಮೇಲೆ ಸೀದಾ ಕಚ್ಚೋದೇ."

ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ ಹುಡುಗಿ ಆ ರಾತ್ರಿ ಸ್ಟೂಲಿನ ಮೇಲೊಂದು ದಿಂಬು ಇಟ್ಟಿದ್ದಳು.

*

ಸಂಜೆ ಓನರ್ ಕಾರನ್ನು ತನ್ನ ಬೀದಿಯ ತುದಿಯಲ್ಲೇ ನಿಲ್ಲಿಸಿ, ಮುಂಚೆಯೇ ಮನೆ ಸೇರಿದ್ದ ಗಂಡನಿಗೆ ಫೋನು ಮಾಡಿದಳು.

"ರೀ, ಮರಿಗೆ ಹಗ್ಗ ಹಾಕಿ ಕರ್ಕೊಂಡು ಬನ್ನಿ."

"ಇನ್ನೊಂದು ಕಿವಿಗೂ ಹೊಲಿಗೆ ಹಾಕಿಸ್ಬೇಕಾ?"

"ಎದುರಿಗೆ ಬರಬೇಡಿ. ನಾವು ನಡೀತಿರ್ತೀವಿ, ಹಿಂದಿನಿಂದ ಬಂದು ರಸ್ತೆಯ ಆಚೆ ಬದಿ ಹಿಡೀರಿ."

ಬೇಕರಿಯಾಕೆ ಒಂದು ಬನ್ನು ಮುರಿದು ತೋರಿಸಿದ್ದೇ ತಡ, ಬೆಳಗ್ಗೆ ಮೂವರಿಗೂ ಬಗ್ಗದ ಕ್ಲಚ್ ತಾನಾಗಿ ಇಳಿಯಿತು.

ಮನೆಯ ಮುಂದೆ ಗೋಡೌನಿನವನು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಗಂಡ ಹೆಂಡತಿ ರಸ್ತೆಯ ಎರಡು ಬದಿಗಳಲ್ಲಿ ಒಂದೊಂದು ನಾಯಿ ಹಿಡಿದು, ಪರಸ್ಪರ ಪರಿಚಯವೇ ಇಲ್ಲದವರಂತೆ ಅವನನ್ನು ದಾಟಿಹೋದರು. ತಿರುಗಿ ಬಂದರು. ಮತ್ತೆ ಹೋದರು.

"ನಾಯಿ ಕೊಡ್ತೀರೋ ಇಲ್ವೋ?" ಎಂದ ಅವನು.

"ಸ್ವಲ್ಪ ತಡಿಯಪ್ಪಾ," ಎಂದರು ಗೇಟಿಗೆ ಒರಗಿದ್ದ ಚಿಕ್ಕಪ್ಪ. "ಟೆಸ್ಟ್ ನಡೀತಿದೆ."

ಇಬ್ಬರ ನಡುವಿನ ಅಂತರ ಕಿರಿದಾಗುತ್ತಾ ಬಂತು. ಮರಿ ಒಮ್ಮೆ ಅಡ್ಡ ಹಾರಿದಾಗ ಕ್ಲಚ್ ಗುರ್ ಎಂದಿತು. ಗಂಡ ಗಾಬರಿಯಿಂದ ಮರಿಯ ಹಗ್ಗ ಜಗ್ಗಿ, ಕ್ಲಚ್ಚನ್ನು ಗದರಿದ.

"ಗದರಬೇಡಿ. ಅನ್ನಲಿ ಬಿಡಿ," ಎಂದಳು ಓನರ್, ರಸ್ತೆಯನ್ನೇ ನೋಡುತ್ತಾ.

ಮರಿ ಕಿವಿ ಮಡಚಿ ಒಂದು ಹೆಜ್ಜೆ ಹಿಂದೆ ಬಿತ್ತು. ಕ್ಲಚ್ ಮುಂದೆ ನಡೆಯಿತು. ಗೇಟಿನ ಬಳಿ ಅವಳು ಕೈ ಅಡ್ಡ ಹಿಡಿದು ಮರಿಯನ್ನು ತಡೆದಳು. ಪಕ್ಕಕ್ಕೆ ಸರಿದು ಕ್ಲಚ್ಚಿಗೆ ದಾರಿ ಬಿಟ್ಟಳು.

"ನಡೀರಿ ಓನರ್. ಮೊದಲು ನೀವು."

ಕ್ಲಚ್ ಬಾಲ ಅಲ್ಲಾಡಿಸಲಿಲ್ಲ. ಬಾಡಿಗೆಗೆ ಮನೆ ನೋಡಲು ಬಂದವರಂತೆ ಮೂಲೆಮೂಲೆ ಮೂಸಿ, ಬಟ್ಟಲಿನ ನೀರು ಕುಡಿದು, ಬಾಗಿಲಿಗೆ ಅಡ್ಡ ಮಲಗಿತು. ಮರಿ ಅಷ್ಟು ದೂರದಲ್ಲಿ, ಕ್ಲಚ್ ನೋಡುತ್ತಿದ್ದ ಕಡೆಗೇ ಮುಖಮಾಡಿ ಕೂತಿತು. ಗೋಡೌನಿನವನು ಚಹಾ ಕುಡಿದು, ಬರಿಗಾಡಿ ತಿರುಗಿಸಿಕೊಂಡು ಹೋದ.

ಚಿಕ್ಕಪ್ಪ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ಎಂದಿನಂತೆ ಅದರ ಬಾಗಿಲು ಹಾಕಲು ಮರೆತರು.

ದೀಪ ಹಚ್ಚುವ ಹೊತ್ತಿಗೆ ಎರಡು ನಾಯಿಗಳೂ ಮನೆಯೊಳಗೆ ಇರಲಿಲ್ಲ. ಓನರ್ ಬರಿಗಾಲಲ್ಲಿ ಹೊರಗೆ ಓಡಿದಳು. ಯಾರೂ ಕೂತಿರದ ಕಾರಿನ ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು, ಆರಿದವು, ಮತ್ತೆ ಹೊತ್ತಿಕೊಂಡವು. ಅವಳು ಬಗ್ಗಿ ನೋಡಿದಳು. ಕ್ಲಚ್ ತನ್ನ ಜಾಗದಲ್ಲಿತ್ತು. ಎರಡನೇ ಬ್ರೇಕಿನ ಮೇಲೆ ಹತ್ತಿದ ಮರಿ ಹೊರಳಾಡಿ ಜಾಗ ಮಾಡಿಕೊಳ್ಳುತ್ತಿತ್ತು. ಅದರ ಹೊಲಿಗೆ ಹಾಕಿದ ಕಿವಿಯ ಮೇಲೆ ಕ್ಲಚ್ ಗದ್ದ ಊರಿತು. ಮರಿ ಅಲುಗಾಡದೆ ಮಲಗಿತು, ದೀಪಗಳು ಹೊತ್ತಿಯೇ ಉಳಿದವು.

ಬೀದಿಯಲ್ಲಿ ಬರುತ್ತಿದ್ದ ಒಂದು ಕಾರು ಆ ಕೆಂಪು ಕಂಡು, ಸಾಕಷ್ಟು ಅಂತರ ಬಿಟ್ಟು, ಹಾರ್ನ್ ಹೊಡೆಯದೆ ನಿಂತಿತು.