ಎರಡೂವರೆ ಗೇಣು

ತ್ಯಾಗರಾಜನಗರದ ಜಯಸಿಂಹ ಅವರಿಗೆ ಎಪ್ಪತ್ತೆರಡು. ನಲವತ್ತು ವರ್ಷ ಕಾರು ಓಡಿಸಿದ್ದರೂ ಅದರ ಮೈಮೇಲೆ ಒಂದು ಗೀರು ಬೀಳಿಸಿದವರಲ್ಲ. ಕಣ್ಣು ಚುರುಕು, ಕೈ ಗಟ್ಟಿ. ಹಾಳಾದ ಮಂಡಿ ಮಾತ್ರ ಕೈಕೊಟ್ಟಿತ್ತು. ಹಳೆಯ ಕಾರಿನ ಸೀಟೋ, ನೆಲಕ್ಕೇ ಅಂಟಿಕೊಂಡಂತಿತ್ತು. ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಅದರಿಂದ ಏಳಲಾಗದೆ, ಹೂವಿನವಳು ಬಂದು ರಟ್ಟೆ ಹಿಡಿದು ಎಬ್ಬಿಸಿದ್ದಳು. ಅಷ್ಟಕ್ಕೇ ಮುಗಿದಿದ್ದರೆ ಬದುಕಿದೆ ಎನ್ನಬಹುದಿತ್ತು. ಸುದ್ದಿ ಮಗಳು ಅಂಜನಾಳ ಕಿವಿಗೂ ಬಿತ್ತು.

“ಹೊಸ ಕಾರು ತಗೊಳ್ಳಿ ಅಪ್ಪ, ಬೇಡ ಅನ್ನಲ್ಲ. ಆದ್ರೆ ನನ್ನೆದುರಿಗೆ ಯಾರ ಕೈನೂ ಹಿಡೀದೆ ಇಳಿದು ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಡ್ರೈವಿಂಗ್ ಬೇಡ,” ಎಂದಳು.

ಹೆತ್ತ ಮಗಳಿಂದ ಕೇಳುವ ಮಾತೇ ಇದು? ಜಯಸಿಂಹ ಅವರಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹೆಂಡತಿ ಕಮಲಾದೇವಿಯನ್ನು ಶನಿವಾರ ಶನಿವಾರ ದೇವಸ್ಥಾನಕ್ಕೆ, ಕತ್ರಿಗುಪ್ಪೆಯ ತಂಗಿ ಮನೆಗೆ ಇನ್ನು ಕರೆದೊಯ್ಯುವವರು ಯಾರು? ಆಟೋದವರನ್ನು ಗೋಗರೆಯಬೇಕಷ್ಟೆ.

ಆಸರೆಯಿಲ್ಲದೆ ಅವರು ಕೂತು ಏಳುತ್ತಿದ್ದುದು ಒಂದೇ ಕಡೆ, ಮನೆ ಮುಂದಿನ ಜಗಲಿಯಲ್ಲಿ. ಒಂದು ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ಅದರ ಎತ್ತರಕ್ಕೆ ಗೇಣು ಹಾಕಿದರು. ಎರಡೂವರೆ ಗೇಣು ಬಂತು. ಅಲ್ಲಿಂದ ಶುರುವಾಯಿತು ನೋಡಿ, ಷೋರೂಮುಗಳ ಪ್ರದಕ್ಷಿಣೆ. ಪುಣ್ಯಾತ್ಮ ಮೈಲೇಜು ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಬಾಗಿಲು ತೆಗೆಯುವುದು, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುವುದು, ನೆಲದಿಂದ ಸೀಟಿನವರೆಗೆ ಗೇಣು ಹಾಕುವುದು. ಜಯನಗರದಲ್ಲಿ ನೋಡಿದ್ದು ಎರಡೇ ಗೇಣು. ಜೆ.ಪಿ. ನಗರದಲ್ಲಿ ನೋಡಿದ್ದು ಮೂರೂವರೆ, ಹತ್ತುವುದಕ್ಕೆ ಏಣಿಯೇ ಬೇಕು.

ಬನಶಂಕರಿಯ ಷೋರೂಮಿಗೆ ತಾಯಿ ಮಗಳಿಬ್ಬರೂ ಜೊತೆಗೆ ಬಂದರು. ಕಾರು ತೋರಿಸುತ್ತಿದ್ದ ದೀಪಕ್, “ಸನ್‌ರೂಫ್ ನೋಡಿ ಸಾರ್, ಸಖತ್ತಾಗಿದೆ,” ಎಂದ.

“ಬಿಸಿಲು ನಮ್ಮನೆ ತಾರಸಿ ಮೇಲೇ ಬೇಕಾದಷ್ಟಿದೆ. ಬಾಗಿಲು ತೆಗಿಯಪ್ಪ.”

ಬಗ್ಗಿ ಗೇಣು ಹಾಕಿದರು. ಎರಡೂವರೆ! ತಲೆಯೆತ್ತಿದರೆ, ಆಚೆ ಬಾಗಿಲಲ್ಲಿ ಕಮಲಾದೇವಿಯೂ ಬಗ್ಗಿ ಸೀಟಿಗೆ ಗೇಣು ಹಾಕುತ್ತಿದ್ದರು.

“ನೀನೇನು ಮಾಡ್ತಿದೀಯ?”

“ನೀವು ಜಗಲಿ ಅಳೆದಿದ್ದು ಕಿಟಕೀಲಿ ನೋಡಿದೆ. ಆಮೇಲೆ ನಾನೂ ಅಳೆದೆ. ನನ್ನ ಗೇಣಿಗೆ ಮೂರು. ಇದೂ ಮೂರೇ ಇದೆ.” ಕಮಲಾದೇವಿ ದನಿ ತಗ್ಗಿಸಿದರು. “ನಂಗೂ ಮಂಡಿ ನೋವು ಕಣ್ರೀ. ಹೇಳಿದ್ರೆ ಹೊರಗೆ ಹೋಗೋದೇ ಬೇಡ ಅಂತೀರೇನೋ ಅಂತ ಸುಮ್ನಿದ್ದೆ.”

ಪ್ರತಿ ಶನಿವಾರ ದೇವಸ್ಥಾನದ ಮುಂದೆ, “ನೀವು ಹೋಗ್ತಿರಿ, ಸೆರಗು ಸರಿಮಾಡ್ಕೊಂಡು ಬರ್ತೀನಿ,” ಎಂದು ಆಕೆ ಕಾರಿನಲ್ಲೇ ಉಳಿಯುತ್ತಿದ್ದುದು ಇದಕ್ಕೇ! ತಡಮಾಡಿದ್ದಕ್ಕೆ ತಾನು ಎಷ್ಟು ಸಲ ರೇಗಿದ್ದೆ ಎಂದು ಜಯಸಿಂಹ ಅವರಿಗೆ ನೆನಪಾಯಿತು.

“ಅಪ್ಪ, ಕೂತ್ಕೊಳ್ಳಿ,” ಎಂದಳು ಅಂಜನಾ.

ಕೂತರು. ಎರಡೂ ಕಾಲು ಹೊರಗೆ ತಿರುಗಿಸಿ ನೆಲಕ್ಕೂರಿ ಎದ್ದರು. ಯಾರ ಕೈಯೂ ಬೇಕಾಗಲಿಲ್ಲ. ಆಚೆ ಬಾಗಿಲಲ್ಲಿ ಕಮಲಾದೇವಿಯೂ ಹಾಗೆಯೇ ಕೂತು ಎದ್ದರು.

ಅಂಜನಾ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟಳು. “ಇದನ್ನೇ ಬುಕ್ ಮಾಡೋಣ ಅಪ್ಪ.” ಜಯಸಿಂಹ ಅವರಿಗೆ ತಲೆ ಮೇಲಿನ ಚಪ್ಪಡಿಯನ್ನು ಇಳಿಸಿದಂತಾಯಿತು.

ಕಾರು ಮನೆಗೆ ಬಂದ ಮೊದಲ ಶನಿವಾರ ದೇವಸ್ಥಾನದ ಮುಂದೆ ನಿಲ್ಲಿಸಿದರು. ಕೀ ತೆಗೆದು ತಿರುಗುವಷ್ಟರಲ್ಲಿ ಕಮಲಾದೇವಿ ಇಳಿದು ನಿಂತಾಗಿತ್ತು.

“ಸೆರಗು?” ಎಂದರು ಜಯಸಿಂಹ.

“ಸರಿಯಾಗೇ ಇದೆ, ಬನ್ನಿ.”