ಉಸಿರು ಬಿಡುವಾಗ ಹೇಳುವ ಹೂಂ

"ದುಡ್ಡು ಕೊಟ್ಟು ಆಸ್ಪತ್ರೆ ನೋಡೋಕೆ ಹೋಗೋ ಕಾಲ ಬಂತಲ್ಲೇ!" ಅಜ್ಜಿ ಬಾಗಿಲಲ್ಲೇ ತಕರಾರು ತೆಗೆದಳು. "ನಮ್ಮ ಕಾಲದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದ್ರೆ ಸಾಕಾಗಿತ್ತು."

"ಆಸ್ಪತ್ರೆ ಅಲ್ಲ ಅಜ್ಜಿ, ಮ್ಯೂಸಿಯಂ. ಹಳೇ ಆಸ್ಪತ್ರೆ ಕಟ್ಟಡದಲ್ಲಿ ಮಾಡಿದ್ದಾರೆ. ಜಿಗಣೆ ಸಾಕೋ ಜಾಡಿ, ಮರದ ಕಾಲು, ಗಾಜಿನ ಕಣ್ಣು... ನಿನ್ನ ಕಥೇಲಿ ಬರೋ ಮಾಟಗಾತಿ ಮನೆ ಇದ್ದ ಹಾಗಿದೆಯಂತೆ."

"ಯಾವ ಕಟ್ಟಡ?"

"ಸೇತುವೆ ಪಕ್ಕದ್ದು. ಕೆಂಪು ಇಟ್ಟಿಗೇದು."

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ಅಜ್ಜಿ ಇನ್ನೊಂದನ್ನು ಮರೆತವಳಂತೆ ಹಾಗೇ ನಿಂತಳು. ಆಮೇಲೆ ಅದನ್ನೂ ಮೆಟ್ಟಿ "ನಡಿ" ಎಂದಳು. ಬಸ್ಸಿನಲ್ಲಿ ಮಾತಿನ ಮಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೂತದ್ದು ಕಂಡು, ಬಿಸಿಲಿಗೆ ತಲೆನೋವು ಬಂದಿರಬೇಕು ಎಂದುಕೊಂಡಳು ಮೊಮ್ಮಗಳು.

ಈ ಮೊಮ್ಮಗಳು ಶಿಶುವಿಹಾರದಲ್ಲಿ ಟೀಚರು. ಅಜ್ಜಿಯ ಕಥೆ ತಿಂದುಂಡು ಬೆಳೆದವಳು. ಇವಳ ಕಣ್ಣಿಗೆ ತಂತಿಯ ಮೇಲೆ ಒಣಗುವ ಸೀರೆ ಸೀರೆಯಾಗಿ ಕಂಡದ್ದಕ್ಕಿಂತ ಹಡಗಿನ ಪಟವಾಗಿ ಕಂಡದ್ದೇ ಹೆಚ್ಚು. ಹಾಲು ಉಕ್ಕಿ ಒಲೆ ಆರಿದ ಮೇಲೆಯೇ ಈ ಲೋಕಕ್ಕೆ ಇಳಿಯುತ್ತಿದ್ದಳು. "ನೀನು ಕೆಡಿಸಿದ ಮಗು" ಎಂದು ಅಮ್ಮ ಅಜ್ಜಿಯನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

ಅಜ್ಜಿ ಕಥೆ ಹೇಳುವ ರೀತಿಯೇ ಬೇರೆ. ವಾಕ್ಯ ಮುಗಿಯದಿದ್ದರೂ ಸರಿ, ನಡುವೆ ಗಕ್ಕನೆ ನಿಲ್ಲುತ್ತಿದ್ದಳು. "ರಾಜಕುಮಾರ ಕಣ್ಣು ಬಿಟ್ಟು ನೋಡ್ತಾನೆ..." ಅಲ್ಲಿಗೆ ನಿಲುಗಡೆ. ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ರಾಜಕುಮಾರ ಬಿಟ್ಟ ಕಣ್ಣು ಬಿಟ್ಟ ಹಾಗೇ. ಹೂಂ ಅನ್ನುವುದಕ್ಕೂ ಒಂದು ಕಾನೂನು: ಉಸಿರು ಬಿಡುವಾಗಲೇ ಅನ್ನಬೇಕು. ಚಿಕ್ಕವಳಿದ್ದಾಗ ಬೆರಗಿನಲ್ಲಿ ಉಸಿರು ಒಳಗೆಳೆದುಕೊಂಡು "ಹೂಂ!" ಅಂದರೆ, "ಹಾಗಲ್ಲ, ಬಿಡುವಾಗ ಹೇಳು" ಎಂದು ಅಜ್ಜಿ ಗದರುತ್ತಿದ್ದಳು. ಸರಿಯಾಗಿ ಹೇಳಿದರೆ ಕೆನ್ನೆ ಹಿಂಡಿ "ನನ್ನ ಹೂಂಗುಬ್ಬಿ" ಎನ್ನುತ್ತಿದ್ದಳು. ಒಮ್ಮೊಮ್ಮೆ ಕಥೆಯ ಭರದಲ್ಲಿ "ಕೇಳೋ" ಅಂದುಬಿಟ್ಟು, ತಡೆದು, "ಕೇಳೇ" ಎಂದು ತಿದ್ದಿಕೊಳ್ಳುವಳು. ಹೆಣ್ಣುಮಗುವನ್ನು ಮುದ್ದಿಗೆ ಗಂಡಿನಂತೆ ಕರೆಯುವುದು ಯಾವ ಮನೆಯಲ್ಲಿಲ್ಲ?

ಎಲ್ಲ ಕಥೆಗಳಿಗೂ ರಾಣಿಯಂಥದ್ದು ಕಬ್ಬಿಣದ ಮೀನಿನ ಕಥೆ. ಒಬ್ಬ ರಾಜಕುಮಾರನನ್ನು ಕಬ್ಬಿಣದ ಮೀನು ನುಂಗಿತು. ತಲೆಯೊಂದು ಮಾತ್ರ ಅದರ ಬಾಯಿಂದಾಚೆ ಉಳಿಯಿತು. ಮೀನು ಉಸಿರಾಡಿದರೆ ಅವನೂ ಉಸಿರಾಡಬೇಕು. ಕಡೆಗೊಂದು ದಿನ ಮೀನು ಬಾಯಿ ತೆರೆದು, ರಾಜಕುಮಾರ ತನ್ನ ಕಾಲಮೇಲೆ ತಾನೇ ನಡೆದು ಮನೆಗೆ ಬಂದ.

"ಈ ಕಥೆ ಬೇರೆ ಯಾರಿಗೂ ಹೇಳಿಲ್ಲ ತಾನೇ?" ಎಂದು ಅವಳು ಪ್ರತಿಸಲ ಕೇಳುವಳು.

"ಇಲ್ಲ ಕಣೇ. ನಿನಗಂತಲೇ ಹುಟ್ಟಿದ್ದು."

ಆ ಮಾತೊಂದನ್ನು ಕಟ್ಟಿಕೊಂಡೇ ಅವಳು ದೊಡ್ಡವಳಾದಳು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ, ಮೆಚ್ಚಿದವನು ಬೇರೆಯವಳ ಜೊತೆ ಹೋದಾಗ, ಜಗತ್ತಿನಲ್ಲಿ ನನಗಂತಲೇ ಹುಟ್ಟಿದ್ದು ಒಂದಾದರೂ ಇದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಶಿಶುವಿಹಾರದ ಮಕ್ಕಳಿಗೆ ಬೇರೆಲ್ಲ ಕಥೆ ಹೇಳಿದ್ದಳು. ಉಸಿರು ಬಿಡುತ್ತಾ ಹೂಂ ಅನ್ನುವುದನ್ನೂ ಕಲಿಸಿದ್ದಳು. ಮೀನಿನ ಕಥೆ ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ವಿವರಣೆ ಹೇಳುವಾಕೆಗೆ ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಹಲ್ಲು ಕೀಳುವ ಇಕ್ಕಳ, ಮೂಳೆ ಕೊಯ್ಯುವ ಗರಗಸಗಳನ್ನು ತೋರಿಸಿದಳು. ಬೇರೆ ದಿನವಾಗಿದ್ದರೆ ಅಜ್ಜಿ "ಮೊದಲು ನಿನ್ನ ಮೂಗಿಗೆ ಔಷಧಿ ಹುಡುಕಮ್ಮ" ಅಂದೇ ಅನ್ನುತ್ತಿದ್ದಳು. ಇವತ್ತು ಜಾಡಿಗಳ ಕಡೆ ತಿರುಗಿಯೂ ನೋಡದೆ, ಯಾರೂ ದಾರಿ ತೋರದಿದ್ದರೂ ಓಣಿಯ ಕೊನೆಯ ಕೋಣೆಯತ್ತ ನಡೆದಳು.

ಅಲ್ಲಿ ಕಿಟಕಿಯ ಪಕ್ಕ, ಕೆನೆಬಣ್ಣ ಬಳಿದ ಉದ್ದನೆಯ ಉಕ್ಕಿನ ಉರುಳೆ ಮಲಗಿತ್ತು. ಬದಿಯಲ್ಲಿ ದುಂಡು ಗಾಜಿನ ಕಿಂಡಿಗಳು. ಒಂದು ತುದಿಯ ರಬ್ಬರಿನ ಕೊರಳಪಟ್ಟಿಯಿಂದ ಒಂದು ಬೊಂಬೆಯ ತಲೆ ಆಚೆಗಿತ್ತು. ತಲೆಯ ಮೇಲೊಂದು ಕನ್ನಡಿ.

"ಅಜ್ಜೀ, ನಿನ್ನ ಮೀನು!" ಮೊಮ್ಮಗಳು ಚಪ್ಪಾಳೆ ತಟ್ಟಿಯೇಬಿಟ್ಟಳು.

"ಪೋಲಿಯೊ ಬಂದು ಎದೆ ಸೋತುಹೋದ ಮಕ್ಕಳನ್ನ ಇದರೊಳಗೆ ಮಲಗಿಸ್ತಿದ್ರು" ಎಂದು ವಿವರಣೆಯವಳು ಗುಂಡಿ ಒತ್ತಿದಳು. ಅಡಿಯಲ್ಲಿದ್ದ ಚರ್ಮದ ತಿದಿ ಕೆಳಗಿಳಿಯಿತು, ಮೇಲೆದ್ದಿತು. ಹುಸ್ಸ್... ಹೂಂಫ್. "ಇದು ಉಸಿರು ಎಳೆದಾಗ ಮಕ್ಕಳೂ ಎಳೀಬೇಕು, ಬಿಟ್ಟಾಗ ಬಿಡಬೇಕು. ಮಾತಾಡೋದಿದ್ರೂ ಅಷ್ಟೇ. ಯಂತ್ರ ಉಸಿರು ಬಿಡೋ ತನಕ ಕಾದು, ಆ ಉಸಿರಲ್ಲಿ ಎಷ್ಟು ಆಗುತ್ತೋ ಅಷ್ಟು."

ಹುಸ್ಸ್... ಹೂಂಫ್.

ಮೊಮ್ಮಗಳ ಕೈ ಗಾಳಿಯಲ್ಲೇ ನಿಂತಿತು. ಈ ತಾಳ ಅವಳಿಗೆ ಗೊತ್ತು. ತೊಟ್ಟಿಲಿನ ಕಾಲದಿಂದ ಗೊತ್ತು. ರಾಜಕುಮಾರ ಕಣ್ಣು ಬಿಟ್ಟು ನೋಡ್ತಾನೆ... ಹೂಂ.

ಅಷ್ಟರಲ್ಲಿ ಅಜ್ಜಿ ಅಡ್ಡ ಕಟ್ಟಿದ್ದ ಹಗ್ಗದಡಿ ನುಸುಳಿ ಬೊಂಬೆಯ ತಲೆಯ ಹಿಂದೆ ಹೋಗಿದ್ದಳು. ಹುಡುಕದೆ, ತಡಕಾಡದೆ, ಕನ್ನಡಿಯ ಹಿಂದಿನ ತಿರುಪಿಗೆ ನೇರ ಕೈ ಹಾಕಿ, ತನ್ನ ಮುಖ ಮಲಗಿದವನಿಗೆ ಕಾಣುವಂತೆ ಬಾಗಿಸಿದಳು.

"ಅಜ್ಜೀ, ಮುಟ್ಟಬಾರದು!" ಎಂದಳು ವಿವರಣೆಯವಳು.

ಅಜ್ಜಿಗೆ ಅದು ಕೇಳಿಸಲಿಲ್ಲ. ಕನ್ನಡಿಯೊಳಗೆ ನಗುತ್ತಾ, ಮೊಮ್ಮಗಳು ತನ್ನ ಸ್ವಂತದ್ದೆಂದುಕೊಂಡಿದ್ದ ಆ ದನಿಯಲ್ಲಿ ಕೇಳಿದಳು: "ಎಲ್ಲಿಗೆ ನಿಲ್ಲಿಸಿದ್ವಿ? ಮುಂದೆ ಕೇಳ್ತೀಯೇನೋ, ಹೂಂಗುಬ್ಬಿ?"

ಏನೇ ಅಲ್ಲ. ಏನೋ. ಈ ಸಲ ತಿದ್ದಿಕೊಳ್ಳಲಿಲ್ಲ.

ಓಣಿಯ ಬೆಂಚಿನ ಮೇಲೆ ಅಜ್ಜಿಯನ್ನು ಕೂರಿಸಿ, ತಾನು ಕೂರದೆ ನಿಂತಳು ಮೊಮ್ಮಗಳು. ಕೋಣೆಯಲ್ಲಿ ಬೇರೆ ಜನ ಸೇರಿದ್ದರು. ಯಂತ್ರ ಓಡುತ್ತಲೇ ಇತ್ತು.

"ಯಾರವನು?"

"ಯಾವನು?"

"ಆಟ ಕಟ್ಟಬೇಡ ಅಜ್ಜಿ. ನೀನು 'ಏನೋ' ಅಂದಿದ್ದು ಯಾರಿಗೆ?"

ಅಜ್ಜಿ ಸೆರಗಿನ ತುದಿ ಸುರುಳಿ ಸುತ್ತಿದಳು, ಬಿಚ್ಚಿದಳು. "ನಿಮ್ಮಮ್ಮನಿಗಿಂತ ಮುಂಚಿನವನು. ನಿನಗೆ ಸೋದರಮಾವ ಆಗಬೇಕು." ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. "ಮಾವನಂತೆ! ಚಡ್ಡಿ ಗುಂಡಿ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ ಅದಕ್ಕೆ."

"ಅಮ್ಮನಿಗೆ ಗೊತ್ತಾ?"

"ಗೊತ್ತು."

"ಅಂದ್ರೆ ನನಗೊಬ್ಬಳಿಗೆ ಗೊತ್ತಿರಲಿಲ್ಲ."

"ನಿನಗೆ ಕಥೆ ಗೊತ್ತಿತ್ತಲ್ಲೇ."

"ನನಗಂತಲೇ ಹುಟ್ಟಿದ್ದು ಅಂದಿದ್ದೆ! ಪ್ರತಿಸಲ ಅಂದಿದ್ದೆ!" ಅವಳ ದನಿ ಓಣಿಯ ಗೋಡೆಗೆ ಬಡಿದು ಬಂತು.

"ಅಷ್ಟು ಆಸೆಯಿಂದ ಕೇಳ್ತಿದ್ದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಕಥೆ, ಹೂಂ, ಹೂಂಗುಬ್ಬಿ, ಕಡೆಗೆ ಆ ಗದರುವಿಕೆ ಕೂಡ. ಯಾರದೋ ಅಂಗಿಯನ್ನು ಹಿಡಿದು ಹೊಲಿದು ತನಗೆ ತೊಡಿಸಿದ್ದರು. ಹೊಸದೆಂದು ನಂಬಿ ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದಳು. ಶಿಶುವಿಹಾರದ ಅಷ್ಟೂ ಮಕ್ಕಳು ಒಟ್ಟಿಗೆ ಉಸಿರು ಬಿಟ್ಟು ಹೂಂ ಅನ್ನುವುದು ನೆನಪಾಯಿತು.

"ಅವನು ನಡೆದು ಮನೆಗೆ ಬಂದನಾ?"

"ಕಥೇಲಿ ಬಂದ."

"ನಾನು ಕೇಳಿದ್ದು ಕಥೇದಲ್ಲ."

ಅಜ್ಜಿ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. "ಮೀನು ಬಾಯಿ ತೆಗೆಯೋ ಜಾಗಕ್ಕೆ ಬಂದಿದ್ದೆ. ನಿಲ್ಲಿಸಿದೆ. ಅವನು ಹೂಂ ಅನ್ನಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡೆ. ಯಂತ್ರ ಉಸಿರಾಡ್ತಾನೇ ಇತ್ತು ನೋಡು, ಅದಕ್ಕೇನು ತಿಳೀತದೆ? ಪೂರ್ತಿ ಹೇಳಿ ಮುಗಿಸಿದೆ ಕಣೇ. ಅವನು ಎದ್ದ, ನಡೆದ, ಮನೆಗೆ ಬಂದ, ಎಲ್ಲಾ ಹೇಳಿದೆ. ನರ್ಸಮ್ಮ ಬಂದು ನನ್ನ ಭುಜ ಮುಟ್ಟೋವರೆಗೂ..."

ನಿಲ್ಲಿಸಿದಳು.

ಅದೇ ನಿಲುಗಡೆ. ಬೇಕೆಂದು ಮಾಡಿದ್ದಲ್ಲ, ಅಜ್ಜಿಯ ಬಾಯಿಗೆ ಬೇರೆ ರೀತಿ ಹೇಳಲು ಬರುತ್ತಲೇ ಇರಲಿಲ್ಲ. ಮೊಮ್ಮಗಳು ತುಟಿ ಬಿಗಿದಳು. ಇಲ್ಲ, ಕೊಡುವುದಿಲ್ಲ. ಇಷ್ಟು ವರ್ಷ ಕೊಟ್ಟದ್ದೆಲ್ಲ ಇನ್ನೊಬ್ಬನ ಖಾತೆಗೆ ಹೋಯಿತು. ಇದೊಂದಾದರೂ ತನ್ನ ಹತ್ತಿರವೇ ಇರಲಿ.

ಹುಸ್ಸ್... ಹೂಂಫ್, ಎಂದಿತು ಒಳಗಿನ ಯಂತ್ರ.

ಅಜ್ಜಿ ಥಟ್ಟನೆ ಕತ್ತೆತ್ತಿದಳು. ಮೊಮ್ಮಗಳ ಮುಖವನ್ನಲ್ಲ, ಎದೆಯನ್ನು ನೋಡಿದಳು. ಅದು ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು.

ಆ ಕಣ್ಣುಗಳನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ. ಹಾಗೆಂದು ಅವನ ಹೂಂ ಅನ್ನೂ ಅವಳು ಹೇಳಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಯಂತ್ರ ಉಸಿರು ಬಿಟ್ಟು ಮುಗಿಸುವವರೆಗೆ ಕಾದಳು.

ಆಮೇಲೆ ಎದೆ ತುಂಬ ಉಸಿರು ಒಳಗೆಳೆದುಕೊಳ್ಳುತ್ತಾ, ಚಿಕ್ಕಂದಿನಲ್ಲಿ ಬೈಸಿಕೊಳ್ಳುತ್ತಿದ್ದ ಹಾಗೆಯೇ, "ಹೂಂ" ಎಂದಳು.

ಅಜ್ಜಿ ಗದರಲಿಲ್ಲ.