ಕುಸುಮಲೇಖಾ ತೀರಿಕೊಂಡ ದಿನದ ಆಟ

ಸಿನಿಮಾ ನಟಿ ಕುಸುಮಲೇಖಾ ತೀರಿಕೊಂಡ ಸುದ್ದಿ ಹೊಸನಗರಕ್ಕೆ ತಲುಪಿದ್ದು ಮಧ್ಯಾಹ್ನದ ಶಿವಮೊಗ್ಗ ಬಸ್ಸಿನಲ್ಲಿ ಬಂದ ಪೇಪರಿನಿಂದ. ಅಂದು ಸಂಜೆ ಊರಿನ ಟೆಂಟಿನಲ್ಲಿ ಇದ್ದದ್ದೂ ಅವಳದೇ ಚಿತ್ರ. ಒಂದೇ ಆಟ. ರೀಲಿನ ಡಬ್ಬಗಳು ಮರುದಿನ ಬೆಳಿಗ್ಗೆ ತೀರ್ಥಹಳ್ಳಿಗೆ ಹೋಗಬೇಕಿತ್ತು.

ಟೆಂಟಿನ ಮಾಲೀಕ ಹೇರಂಬಯ್ಯ ಪೇಪರು ಮಡಚಿ, ಎತ್ತಿನ ಗಾಡಿಯಲ್ಲಿ ಕೇರಿ ಕೇರಿ ಸುತ್ತಿ ಸಿನಿಮಾ ಸಾರುವ ಕನ್ನಪ್ಪನನ್ನು ಕರೆದ.

"ಒಳ್ಳೇ ದಿನಾನೇ ಸತ್ತಿದಾಳೆ ಕಣೋ. ಗಂಡನ್ನ ಬಿಟ್ಟು ಯಾರ್ಯಾರ ಜತೆಗಿದ್ಲು, ಹೆಂಗೆ ಸತ್ಲು, ಎಲ್ಲ ಸೇರಿಸಿ ಕೂಗು. ಜನ ಮುಗಿಬೀಳ್ಬೇಕು."

"ಅದೆಲ್ಲ ಪೇಪರ್ನಲ್ಲಿ ಇದೆಯಾ ಅಯ್ಯಾ?"

"ಪೇಪರ್ನಲ್ಲಿ ಇಲ್ದಿದ್ರೆ ನಿನ್ ಬಾಯಲ್ಲಿ ಇರ್ಲಿ."

ಕನ್ನಪ್ಪ ಗಾಡಿ ಹತ್ತಿದ.

ನಾಲ್ಕು ವರ್ಷದ ಹಿಂದೆ ಜೋಗದಲ್ಲಿ ಶೂಟಿಂಗ್ ಮುಗಿಸಿ ಈ ದಾರಿಯಾಗಿ ಹೋಗುತ್ತಿದ್ದ ಕುಸುಮಲೇಖಾ, ತನ್ನದೇ ಚಿತ್ರವನ್ನು ಸಾರುತ್ತಿದ್ದ ಗಾಡಿ ಕಂಡು ಕಾರು ನಿಲ್ಲಿಸಿದ್ದಳು. "ಇಲ್ಲಿ ಕೊಡಿ ಅಣ್ಣಾ, ಒಂದ್ಸಲ ನಾನೂ ಕೂಗ್ತೀನಿ" ಎಂದು ಅವನ ತಗಡಿನ ಭೋಂಗಾವನ್ನು ಬಾಯಿಗಿಟ್ಟು, "ಬನ್ನಿ, ಬನ್ನಿ" ಎಂದು ಕೂಗಿ ನಕ್ಕಿದ್ದಳು. ಅಲ್ಲಿಯವರೆಗೆ ಕನ್ನಪ್ಪನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಕಾರು ಮರೆಯಾದದ್ದೇ ತಡ, ಅಲ್ಲೇ ನಿಂತಿದ್ದ ಹೇರಂಬಯ್ಯ ಸಂತೆಗೆ ಬಂದ ಜನರೆದುರೇ, "ಕಂಡೋರ ಜತೆ ಕುಣಿಯೋಳು ಬಾಯಿ ಇಟ್ಟಿದ್ದು, ತೊಳ್ಕೊಂಡ್ ಬಾ ಹೋಗು" ಎಂದ. ಕನ್ನಪ್ಪ ಹೊಟ್ಟೆಪಾಡಿಗೆ ಹೆದರಿ ತೊಳೆದು ತಂದ. ಜನ ನಕ್ಕರು. ಆ ನಗು ಇವತ್ತಿಗೂ ಅವನೊಳಗೆ ಉರಿಯುತ್ತಿತ್ತು.

ಅವಳ ಸಾವಿನ ಸುದ್ದಿ ಬಂದ ಆ ಮಧ್ಯಾಹ್ನ ಗಾಡಿ ಒಂದು ಕೇರಿಯನ್ನೂ ಬಿಡಲಿಲ್ಲ.

"ತಾಯಂದಿರೇ, ಅಣ್ಣಂದಿರೇ! ನಮ್ಮ ಕುಸುಮಲೇಖಮ್ಮ ತೀರ್ಕೊಂಡ್ರು. ಅವರ ಗೌರವಕ್ಕೆ ಇವತ್ತು ಆಟ ಇಲ್ಲ. ಹೇರಂಬಯ್ಯನೋರ ಅಪ್ಪಣೆ, ಯಾರೂ ಟೆಂಟಿನ ಕಡೆ ಬರ್ಬೇಡಿ!"

ಹೆಂಗಸರು ಜಗಲಿಗೆ ಬಂದು ಕಣ್ಣೊರೆಸಿಕೊಂಡರು. "ಹೇರಂಬಯ್ಯ ದೊಡ್ ಮನುಷ್ಯ" ಎಂದು ಶೇಷಮ್ಮ ಎಂಬ ಮುದುಕಿ ಹೇಳಿದಾಗ ಕನ್ನಪ್ಪ ಮುಖವನ್ನು ಎತ್ತುಗಳ ಕಡೆ ತಿರುಗಿಸಿಕೊಂಡ.

ಸಂಜೆ ಟೆಂಟಿನೆದುರು ಹಾಡಿನ ಪ್ಲೇಟು ತಿರುಗಿ ತಿರುಗಿ ನಿಂತಿತು. ಒಬ್ಬರೂ ಬರಲಿಲ್ಲ. ಆಟದ ಹೊತ್ತು ಮೀರಿದ ಮೇಲೆ ಕನ್ನಪ್ಪ ಬಂದು ಭೋಂಗಾವನ್ನು ಮೇಜಿನ ಮೇಲಿಟ್ಟ.

"ಜನ ಎಲ್ಲೋ?"

"ಬರ್ಬೇಡಿ ಅಂತ ನಾನೇ ಅಂದೆ. ನಿಮ್ ಹೆಸರಲ್ಲೇ ಸಾರಿದೆ. ಊರೆಲ್ಲ ನಿಮ್ಮನ್ನ ಹೊಗಳ್ತಿದೆ. ಸುಳ್ಳು ಅಂತ ಬೇಕಾದ್ರೆ ನೀವೇ ಹೋಗಿ ಕೂಗಿ."

ಹೇರಂಬಯ್ಯ ಕೈಯೆತ್ತಿದ. ಕನ್ನಪ್ಪ ಅಲುಗಲಿಲ್ಲ.

"ಹೊಡೀರಿ. ಯಾಕೆ ಹೊಡೆದ್ರಿ ಅಂತ ನಾಳೆ ಬಸ್ ಸ್ಟ್ಯಾಂಡಲ್ಲಿ ಎಲ್ರಿಗೂ ಹೇಳ್ತೀನಿ."

ಎತ್ತಿದ ಕೈ ಕೆಳಗಿಳಿಯಿತು. "ಇನ್ ಈ ಕಡೆ ತಲೆ ಹಾಕ್ಬೇಡ" ಎಂದಷ್ಟೇ ಅವನ ಬಾಯಿಂದ ಬಂತು.

"ಹಾಕಲ್ಲ."

ಮರುದಿನ ರೀಲಿನ ಡಬ್ಬಗಳು ಹೋದ ಬಸ್ಸಿನಲ್ಲೇ ಕನ್ನಪ್ಪನೂ ತೀರ್ಥಹಳ್ಳಿಗೆ ಹೋದ. ಅಲ್ಲಿ ಸಂಜೆ ಟೆಂಟು ತುಂಬಿತ್ತು. ಅವನು ಪರದೆಯ ಹತ್ತಿರವೇ ಮರಳಿನ ಮೇಲೆ ಕೂತ. ಕುಸುಮಲೇಖಾ ಕಾಣಿಸಿಕೊಂಡ ಕೂಡಲೇ ಸುತ್ತಲಿನ ಹೆಂಗಸರು ಬಿಕ್ಕಿದರು. ಕನ್ನಪ್ಪನೂ ಕೈಮುಗಿದು, ನಾಚಿಕೆ ಬಿಟ್ಟು, ಗಟ್ಟಿಯಾಗಿ ಅತ್ತ. ಅಳುವಿನ ನಡುವೆ ಹೇರಂಬಯ್ಯನ ಮುಖ ನೆನಪಾಯಿತು. ಆಗ ಅವನಿಗೆ ಹೊಟ್ಟೆ ತಣ್ಣಗಾಯಿತು.